ಜೋಡಣೆ ‘ಫೇಲ್’ ಎಂದು ಕಂಪ್ಯೂಟರ್ ಹೇಳಿದಾಗ

‘ಫೇಲ್’ ಎಂಬ ಎರಡಕ್ಷರಕ್ಕೆ ಅಂಜದ ಮನೆ ಇಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ದಿನ ಆ ಪದ ಕಿವಿಗೆ ಬಿದ್ದರೆ ಅಂದು ಮನೆಯಲ್ಲಿ ಊಟ ಯಾರಿಗೂ ಸೇರುವುದಿಲ್ಲ. ಆದರೆ ಸಿವಿಲ್ ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ಇದೇ ಪದವನ್ನು ದಿನಕ್ಕೆ ಹತ್ತು ಸಲ, ಅದೂ ಕೆಂಪಕ್ಷರದಲ್ಲಿ, ಕಂಪ್ಯೂಟರಿನ ಪರದೆಯ ಮೇಲೆ ನೋಡುತ್ತಾರೆ. ರೋಣದ ಒಂದು ಮನೆಗೆ ಹುಬ್ಬಳ್ಳಿಯ ಹಾಸ್ಟೆಲಿನಿಂದ ಫೋನು ಬಂತೆನ್ನಿ. ‘ಅಪ್ಪಾ, ಇವತ್ತೂ ನನ್ನ ಕನೆಕ್ಷನ್ ಎಲ್ಲಾ ಫೇಲ್ ಆದ್ವು’ ಎಂದು ಮಗಳು ಹೇಳಿದರೆ, ‘ಯಾವ ಕನೆಕ್ಷನ್‌ವಾ, ಕರೆಂಟಿಂದೇನು?’ ಎಂದು ಅಪ್ಪ ಕೇಳುವುದು ಸಹಜ. ಮಗಳು ಹೇಳುತ್ತಿರುವುದು ಉಕ್ಕಿನ ತೊಲೆಯನ್ನು ಉಕ್ಕಿನ ಕಂಬಕ್ಕೆ ಕಚ್ಚಿಸುವ ಜೋಡಣೆಯ ಮಾತು. ಈ ಫೇಲಿನಲ್ಲಿ ಒಂದು ಸಮಾಧಾನವಿದೆ. ಅದು ಆಗುವುದು ಕಟ್ಟಡ ಏಳುವ ಮುನ್ನ, ಪರದೆಯ ಮೇಲೆ. ಅಲ್ಲಿ ಆಗದೆ ತಪ್ಪಿಸಿಕೊಂಡದ್ದು ಮುಂದೊಂದು ದಿನ ಜನರ ತಲೆಯ ಮೇಲೆ ಆಗಬಹುದು.

ಚಕ್ಕಡಿ ಹೂಡುವ ಊರಿನವರಿಗೆ ಜೋಡಣೆಯ ಮಹತ್ವ ಹೇಳಿಕೊಡಬೇಕಾಗಿಲ್ಲ. ಗಾಲಿ ಎಷ್ಟೇ ಗಟ್ಟಿಯಿರಲಿ, ಅಚ್ಚು ಎಷ್ಟೇ ದಪ್ಪವಿರಲಿ, ಕಡೆಗೀಲು ಕಳಚಿದರೆ ಬಂಡಿ ರಸ್ತೆಯಲ್ಲೇ ಕೂರುತ್ತದೆ. ಉಕ್ಕಿನ ಕಟ್ಟಡದ ಪಾಡೂ ಅದೇ. ತೊಲೆ, ಕಂಬಗಳು ಕಾರ್ಖಾನೆಯಲ್ಲಿ ಒಂದೇ ಅಚ್ಚಿನಲ್ಲಿ ಉರುಳಿ ಬರುತ್ತವೆ. ಅವುಗಳ ಗಾತ್ರ, ತೂಕ, ಬಲ ಎಲ್ಲವೂ ಪುಸ್ತಕದಲ್ಲಿ ಅಚ್ಚಾಗಿವೆ. ಜೋಡಣೆ ಮಾತ್ರ ಪ್ರತಿ ಕಟ್ಟಡಕ್ಕೂ ಹೊಸದು. ಎಷ್ಟು ಬೋಲ್ಟು, ಎಷ್ಟು ದಪ್ಪದ ಪಟ್ಟಿ, ತೂತು ಎಲ್ಲಿ, ಬೆಸುಗೆ ಎಷ್ಟು ಉದ್ದ ಎಂಬುದನ್ನೆಲ್ಲ ಒಬ್ಬ ಎಂಜಿನಿಯರ್ ಕೂತು ನಿಶ್ಚಯಿಸಬೇಕು, ಇನ್ನೊಬ್ಬ ವೆಲ್ಡರ್ ನಿಂತು ಮಾಡಬೇಕು. ಕಾಂಕ್ರೀಟಿನಲ್ಲಿ ತೊಲೆಯೂ ಕಂಬವೂ ಕೂಡಿಯೇ ಹೆಪ್ಪುಗಟ್ಟುತ್ತವೆ. ಉಕ್ಕಿನಲ್ಲಿ ಎರಡು ಬೇರೆ ಬೇರೆ ವಸ್ತುಗಳನ್ನು ಕೈಯಾರೆ ಕೂಡಿಸಬೇಕು. ಆದ್ದರಿಂದಲೇ ಸ್ಟ್ಯಾಡ್, ಓಸ್‌ಡ್ಯಾಗ್ ಮುಂತಾದ ತಂತ್ರಾಂಶಗಳು ತೊಲೆ ಕಂಬಗಳ ಲೆಕ್ಕ ಮುಗಿದ ಮೇಲೂ ಜೋಡಣೆಯ ಲೆಕ್ಕವನ್ನು ಪ್ರತ್ಯೇಕವಾಗಿ ಕೇಳುತ್ತವೆ.

ಅವು ಮಾಡುವ ಕೆಲಸ ಕೇಳಿದರೆ ಸರಳ. ಜೋಡಣೆಯ ಮೇಲೆ ಬರುವ ಬಲ ಎಷ್ಟು, ಜೋಡಣೆ ತಾಳುವ ಬಲ ಎಷ್ಟು ಎಂದು ನೋಡಿ ಮೊದಲನೆಯದನ್ನು ಎರಡನೆಯದರಿಂದ ಭಾಗಿಸುವುದು. ಭಾಗಲಬ್ಧ ಒಂದಕ್ಕಿಂತ ಕಡಿಮೆಯಾದರೆ ಹಸಿರು, ಮೀರಿದರೆ ಕೆಂಪು. ಆದರೆ ಈ ಪರೀಕ್ಷೆ ಒಂದಲ್ಲ, ಹತ್ತಾರು. ಬೋಲ್ಟು ಕತ್ತರಿಸಿ ಹೋಗಬಹುದು. ಬೋಲ್ಟು ಉಳಿದು ಅದರ ತೂತು ನುಜ್ಜುಗುಜ್ಜಾಗಬಹುದು. ತೂತುಗಳ ಸಾಲಿಗೆ ಸಾಲೇ ಪಟ್ಟಿಯಿಂದ ಹರಿದು ಒಂದು ತುಂಡಾಗಿ ಕಿತ್ತುಬರಬಹುದು, ಅಂಚೆಚೀಟಿಯನ್ನು ಹಾಳೆಯಿಂದ ಹರಿದಂತೆ. ಪಟ್ಟಿಯೇ ಬಾಗಬಹುದು, ಬೆಸುಗೆ ಬಿಡಬಹುದು. ಇವುಗಳಲ್ಲಿ ಅತ್ಯಂತ ದುರ್ಬಲವಾದದ್ದು ಯಾವುದೋ ಅದೇ ಇಡೀ ಜೋಡಣೆಯ ಬಲ. ಕೆಂಪು ಬಂದೊಡನೆ ವಿದ್ಯಾರ್ಥಿ ಕೇಳಬೇಕಾದ ಮೊದಲ ಪ್ರಶ್ನೆ ‘ಯಾವ ಪರೀಕ್ಷೆಯಲ್ಲಿ ಕೆಂಪು?’ ಎಂಬುದು. ಇದನ್ನು ನೋಡದೆ ಬೋಲ್ಟುಗಳ ಸಂಖ್ಯೆಯನ್ನು ಮೂರರಿಂದ ನಾಲ್ಕಕ್ಕೆ, ನಾಲ್ಕರಿಂದ ಆರಕ್ಕೆ ಏರಿಸುತ್ತ ಹೋಗುವವರು ಬಹಳ. ಗಣಿತದಲ್ಲಿ ನಪಾಸಾದ ಮಗನಿಗೆ ಆರೂ ವಿಷಯಕ್ಕೆ ಟ್ಯೂಷನ್ ಹಚ್ಚಿದಂತೆ ಅದು.

ಒಂದು ಲೆಕ್ಕವನ್ನು ಬಿಡಿಸಿಯೇ ನೋಡುವುದು ಮೇಲು. ಪಾಲಕರು ಅಂಕಿಗಳಿಗೆ ಹೆದರಬೇಕಾಗಿಲ್ಲ. ಕೂಡುವುದು, ಗುಣಿಸುವುದು, ಪೈಥಾಗೊರಸ್ ಬಿಟ್ಟರೆ ಇದರಲ್ಲಿ ಬೇರೇನೂ ಇಲ್ಲ.

ನರಗುಂದದ ಹೊರಗೆ ಹತ್ತಿ, ಕಡಲೆ ದಾಸ್ತಾನು ಮಾಡಲು ಒಂದು ಉಕ್ಕಿನ ಗೋದಾಮು, ಅದರೊಳಗೆ ಒಂದು ಅಟ್ಟ ಎಂದುಕೊಳ್ಳಿ. ಅಟ್ಟದ ತೊಲೆ 300 ಮಿಲಿಮೀಟರ್ ಎತ್ತರದ್ದು, ಅದರ ನಡುಹಲಗೆಯ ದಪ್ಪ ಏಳೂವರೆ ಮಿಲಿಮೀಟರ್. ಅದರ ತುದಿ ಕಂಬದ ಮೇಲೆ ಹೇರುವ ಭಾರ, ಸುರಕ್ಷತೆಯ ಗುಣಕವನ್ನೂ ಸೇರಿಸಿ, 120 ಕಿಲೋನ್ಯೂಟನ್. ಹಳೆಯ ಲೆಕ್ಕದಲ್ಲಿ ಸುಮಾರು 12 ಟನ್ನು. ಕಂಬಕ್ಕೆ 6 ಮಿಲಿಮೀಟರ್ ದಪ್ಪದ ಒಂದು ಪಟ್ಟಿಯನ್ನು ಬೆಸುಗೆ ಹಾಕಿ, ತೊಲೆಯನ್ನು ಆ ಪಟ್ಟಿಗೆ ಮೂರು ಬೋಲ್ಟುಗಳಿಂದ ಬಿಗಿಯಲಾಗಿದೆ. ಬೋಲ್ಟುಗಳು 20 ಮಿಲಿಮೀಟರ್ ದಪ್ಪದವು, ಪೇಟೆಯಲ್ಲಿ ಸುಲಭವಾಗಿ ಸಿಗುವ 4.6 ದರ್ಜೆಯವು. ಒಂದರ ಕೆಳಗೊಂದು, ನಡುವೆ 60 ಮಿಲಿಮೀಟರ್ ಅಂತರ, ಕೊನೆಯ ತೂತಿನಿಂದ ಪಟ್ಟಿಯ ಅಂಚಿಗೆ 40.

ಉಕ್ಕಿನ ಕಟ್ಟಡಗಳಿಗೆ ಇರುವ ಭಾರತೀಯ ಮಾನಕ ಐಎಸ್ 800:2007ರ ಸೂತ್ರದಂತೆ ಇಂಥ ಒಂದು ಬೋಲ್ಟು ಕತ್ತರಿಸಿ ಹೋಗದೆ 45.3 ಕಿಲೋನ್ಯೂಟನ್ ತಾಳುತ್ತದೆ. ಮೂರು ಸೇರಿದರೆ ಸುಮಾರು 136. ಭಾರವಿರುವುದು 120. ಸಾಕಲ್ಲವೇ? ವಿದ್ಯಾರ್ಥಿ ಹೀಗೆ ಬಾಯಿಲೆಕ್ಕ ಮಾಡಿಕೊಂಡು ತಂತ್ರಾಂಶಕ್ಕೆ ಅಂಕಿ ತುಂಬಿ ಗುಂಡಿ ಒತ್ತುತ್ತಾನೆ. ಪರದೆ ಕೆಂಪಾಗುತ್ತದೆ. ತಂತ್ರಾಂಶ ಕೆಟ್ಟಿದೆ ಎಂದು ಗೆಳೆಯನನ್ನು ಕರೆಯುತ್ತಾನೆ. ಗೆಳೆಯನ ಪರದೆಯೂ ಕೆಂಪು.

ಕಾರಣ ಬೋಲ್ಟುಗಳ ಸಾಲು ಕಂಬದ ಮೈಗೆ ಅಂಟಿಕೊಂಡಿಲ್ಲ ಎಂಬುದರಲ್ಲಿದೆ. ಬೆಸುಗೆಯಿಂದ ಅದು 60 ಮಿಲಿಮೀಟರ್ ದೂರದಲ್ಲಿದೆ. ತುಂಬಿದ ಕೊಡವನ್ನು ಮೈಗೆ ಆನಿಸಿ ಹಿಡಿಯುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. 120 ಕಿಲೋನ್ಯೂಟನ್ ಭಾರ 60 ಮಿಲಿಮೀಟರ್ ಆಚೆ ಕೂತು ಬೋಲ್ಟುಗಳ ಗುಂಪನ್ನು ತಿರುಗಿಸಲು ನೋಡುತ್ತದೆ. ನಡುವಿನ ಬೋಲ್ಟು ಆ ತಿರುಗಾಟದ ಕೇಂದ್ರವಾದ್ದರಿಂದ ಅದಕ್ಕೆ ಬಾಧೆಯಿಲ್ಲ. ಮೇಲಿನ ಮತ್ತು ಕೆಳಗಿನ ಬೋಲ್ಟುಗಳ ಮೇಲೆ ತಲಾ 60 ಕಿಲೋನ್ಯೂಟನ್ ಅಡ್ಡಬಲ ಬೀಳುತ್ತದೆ. ಮೂವರೂ ಹಂಚಿಕೊಂಡ ನೆಟ್ಟನೆಯ ಭಾರ ತಲಾ 40. ಅಡ್ಡ 60, ನೆಟ್ಟನೆ 40. ಪೈಥಾಗೊರಸನ ಪ್ರಕಾರ ಒಟ್ಟು 72.1. ತಾಳುವ ಬಲ 45.3. ಕೆಂಪು ಬಾರದೆ ಇನ್ನೇನು ಬಂದೀತು?

ಈಗ ರಿಪೇರಿ. ನಾಲ್ಕನೆಯ ಬೋಲ್ಟು ಸೇರಿಸಿದರೆ ಹೇಗೆ? ಅಂತರ 60 ಇಟ್ಟರೆ ಕೊನೆಯ ಬೋಲ್ಟಿನ ಮೇಲಿನ ಬಲ 46.9ಕ್ಕೆ ಇಳಿಯುತ್ತದೆ. ಕೂದಲೆಳೆಯಷ್ಟು ಬಾಕಿ! ಆದರೆ ಆಗ ಪಟ್ಟಿಯ ಎತ್ತರ 260 ಆಗುತ್ತದೆ. 300ರ ತೊಲೆಯಲ್ಲಿ ಮೇಲಿನ ಕೆಳಗಿನ ಚಾಚುಗಳನ್ನೂ ಮೂಲೆಯ ದುಂಡನ್ನೂ ಕಳೆದರೆ ಅಷ್ಟು ಚಪ್ಪಟೆ ಜಾಗ ಸಿಗದು. ಜಾಗಕ್ಕಾಗಿ ಅಂತರವನ್ನು 50ಕ್ಕೆ ಇಳಿಸಿದರೆ ಬಲ 52.6ಕ್ಕೆ ಏರುತ್ತದೆ. ಬೋಲ್ಟು ಹೆಚ್ಚಾಯಿತು, ಸಂಕಟ ಉಳಿಯಿತು. ಬೋಲ್ಟುಗಳು ಹತ್ತಿರ ಹತ್ತಿರ ನಿಂತಷ್ಟೂ ತಿರುಗಿಸುವ ಬಲಕ್ಕೆ ಎದುರು ನಿಲ್ಲುವ ಶಕ್ತಿ ಕುಂದುತ್ತದೆ ಎಂಬ ಪಾಠ ಇದರಲ್ಲಿದೆ. ಸೂತ್ರ ಬಾಯಿಪಾಠ ಮಾಡಿದವನಿಗೆ ಅದು ಕಾಣುವುದಿಲ್ಲ, ಎರಡು ಸಲ ಫೇಲ್ ಆದವನಿಗೆ ಕಾಣುತ್ತದೆ.

ಹಾಗಾದರೆ ಬೋಲ್ಟಿನ ದರ್ಜೆ ಏರಿಸಬೇಕು. 8.8 ದರ್ಜೆಯ ಬೋಲ್ಟು ಸುಮಾರು 90 ಕಿಲೋನ್ಯೂಟನ್ ತಾಳುತ್ತದೆ, ಬೇಕಾದದ್ದು 72. ವಿದ್ಯಾರ್ಥಿ ಮೂರೇ ಬೋಲ್ಟು ಇಟ್ಟು, ದರ್ಜೆ ಬದಲಿಸಿ, ಮತ್ತೆ ಗುಂಡಿ ಒತ್ತುತ್ತಾನೆ. ಮತ್ತೆ ಕೆಂಪು! ಈ ಸಲ ಬೇರೆ ಸಾಲಿನಲ್ಲಿ. ಬೋಲ್ಟು ಗಟ್ಟಿಯಾಯಿತು, ಆದರೆ 6 ಮಿಲಿಮೀಟರ್ ಪಟ್ಟಿಯ ತೂತು 59.6ಕ್ಕಿಂತ ಹೆಚ್ಚು ತಾಳದೆ ನುಜ್ಜಾಗುತ್ತದೆ. ಸಾಲು ಬದಲಾದದ್ದನ್ನು ಗಮನಿಸದವನು ‘ಏನು ಮಾಡಿದರೂ ಫೇಲ್’ ಎಂದು ಕೈಚೆಲ್ಲುತ್ತಾನೆ. ಗಮನಿಸಿದವನು ಪಟ್ಟಿಯನ್ನು 8 ಮಿಲಿಮೀಟರಿಗೆ ಏರಿಸುತ್ತಾನೆ. ತಾಳುವ ಬಲ 79.5 ಆಗುತ್ತದೆ. ತೊಲೆಯ ನಡುಹಲಗೆಯದು 74.5. ಎರಡೂ 72.1ಕ್ಕಿಂತ ಮೇಲೆ. ಇನ್ನು ಪಟ್ಟಿಯ ಬಾಗುವಿಕೆ, ಬೆಸುಗೆ ಇತ್ಯಾದಿ ಸಾಲುಗಳನ್ನೂ ನೋಡಿ ಮುಗಿಸಬಹುದು. ಮೂರು ಬೋಲ್ಟುಗಳೇ ಸಾಕಾದವು. ಆರು ಹಾಕುವ ಆತುರದಲ್ಲಿದ್ದವನಿಗೆ ಇದು ತಿಳಿಯುತ್ತಿರಲಿಲ್ಲ.

ಇಷ್ಟೆಲ್ಲ ಸರ್ಕಸ್ಸಿಗೆ ಮುನ್ನ ಮಾಡಬೇಕಾದ ಒಂದು ಕೆಲಸ ಇದೆ, ಅನುಭವಸ್ಥ ಎಂಜಿನಿಯರುಗಳು ಅದನ್ನೇ ಮೊದಲು ಮಾಡುತ್ತಾರೆ: ಆ 120 ಎಲ್ಲಿಂದ ಬಂತು ಎಂದು ಕೇಳುವುದು. ಸೋತ ಜೋಡಣೆಗಳಲ್ಲಿ ಎಷ್ಟೋ ಜೋಡಣೆಗಳು ನಿಜವಾಗಿ ಸೋತಿರುವುದಿಲ್ಲ. ಅವುಗಳ ಮೇಲೆ ಬಾರದ ಭಾರವನ್ನು ಹೇರಲಾಗಿರುತ್ತದೆ. ಕಿಲೋಗ್ರಾಂ ಎಂದು ತುಂಬಬೇಕಾದ ಕಡೆ ಕಿಲೋನ್ಯೂಟನ್ ಎಂದು ತುಂಬಿದರೆ ಭಾರ ನೂರುಪಟ್ಟು ಏರುತ್ತದೆ. ತೊಲೆಯ ಸ್ವಂತ ತೂಕವನ್ನು ಒಮ್ಮೆ ತಂತ್ರಾಂಶ, ಇನ್ನೊಮ್ಮೆ ವಿದ್ಯಾರ್ಥಿ ಸೇರಿಸಿರುವುದುಂಟು. ತೊಲೆಯ ಮೇಲಿನ ಜಾಗವನ್ನು ಅಳೆದು, ಚದರ ಮೀಟರಿಗೆ ಇಷ್ಟು ಎಂದು ಗುಣಿಸಿ, ಎರಡು ತುದಿಗೆ ಅರ್ಧರ್ಧ ಹಂಚಿ ಒಂದು ಬೆರಳೆಣಿಕೆಯ ಉತ್ತರ ತೆಗೆದುಕೊಂಡರೆ ಕಂಪ್ಯೂಟರಿನ ಅಂಕಿ ಅದರ ಆಸುಪಾಸಿನಲ್ಲಿ ಇದೆಯೇ ಎಂದು ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಕೈಲೆಕ್ಕ 12 ಟನ್ನು ಎನ್ನುವಾಗ ಪರದೆ 1,200 ಎಂದರೆ ಬೋಲ್ಟನ್ನು ಮುಟ್ಟುವುದೇ ಬೇಡ.

ಇದಕ್ಕಿಂತ ಸೂಕ್ಷ್ಮವಾದದ್ದು ಜೋಡಣೆಯ ಸ್ವಭಾವ. ತೊಲೆ ಕಂಬಕ್ಕೆ ಬಿಗಿಯಾಗಿ ಕಚ್ಚಿ ಒಂದೇ ಮೈಯಾಗಿದೆಯೋ ಅಥವಾ ಬಾಗಿಲಿನ ಕೀಲಿನಂತೆ ಸ್ವಲ್ಪ ತಿರುಗಲು ಬಿಡುತ್ತದೆಯೋ ಎಂಬುದನ್ನು ವಿದ್ಯಾರ್ಥಿ ತಂತ್ರಾಂಶಕ್ಕೆ ಹೇಳಬೇಕು. ಹೇಳದಿದ್ದರೆ ಅದು ಎಲ್ಲವನ್ನೂ ಬಿಗಿ ಎಂದೇ ಭಾವಿಸಿ ಲೆಕ್ಕ ಹಾಕುತ್ತದೆ. ಬಿಗಿ ಜೋಡಣೆಗೆ ಭಾರದ ಜೊತೆಗೆ ಬಾಗಿಸುವ ಬಲವೂ ಬರುತ್ತದೆ. ಅತ್ತ ನಕ್ಷೆಯಲ್ಲಿ ಬರೆದಿರುವುದು ಮೂರು ಬೋಲ್ಟಿನ ಕೀಲು. ಇತ್ತ ಲೆಕ್ಕ ಅದರಿಂದ ಬಯಸುತ್ತಿರುವುದು ಎಂಟು ಬೋಲ್ಟಿನ ಬಿಗಿತ. ಕೆಂಪು ಬರುತ್ತದೆ, ಬರಲೇಬೇಕು. ಕೀಲು ಎಂದು ಹೇಳಿದೊಡನೆ ಜೋಡಣೆ ಹಸಿರಾಗಬಹುದು, ಆದರೆ ತೊಲೆಯ ನಡುವಿನ ಬಾಗು ಹೆಚ್ಚಾಗಿ ತೊಲೆಯೇ ಕೆಂಪಾಗಬಹುದು. ಬಲ ಎಲ್ಲಿಯೂ ಮಾಯವಾಗುವುದಿಲ್ಲ, ದಾರಿ ಬದಲಿಸುತ್ತದೆ. ಇನ್ನು ಕೆಂಪು ಹೋಗಲೆಂದು ಎಲ್ಲ ಜೋಡಣೆಗಳನ್ನೂ ಕೀಲು ಮಾಡಿದರೆ ಕಟ್ಟಡವೇ ಜೋಕಾಲಿಯಾಗುತ್ತದೆ. ಆಗ ತಂತ್ರಾಂಶ ‘ಸ್ಥಿರವಾಗಿಲ್ಲ’ ಎಂಬ ಬೇರೆಯೇ ತಕರಾರು ತೆಗೆಯುತ್ತದೆ.

ಬಿಗಿಯೋ ಕೀಲೋ ಎಂಬ ಪ್ರಶ್ನೆ ಈ ಸೀಮೆಯಲ್ಲಿ ಪುಸ್ತಕದ ಪ್ರಶ್ನೆಯಾಗಿ ಉಳಿಯುವುದಿಲ್ಲ. ರೋಣ, ನರಗುಂದದ ಎರೆಭೂಮಿ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರುಕು ಬಿಡುತ್ತದೆ. ನರಗುಂದ ಪಟ್ಟಣದಲ್ಲಂತೂ ಈಚಿನ ವರ್ಷಗಳಲ್ಲಿ ಮನೆಯೊಳಗೇ ನೆಲ ಕುಸಿದ ಸುದ್ದಿಗಳು ಬಂದಿವೆ. ಹಿಂದಿನವರು ಜೋಳ ತುಂಬಿಡಲು ತೋಡಿದ್ದ ಹಗೇವುಗಳು ಮನೆಗಳ ಅಡಿಯಲ್ಲಿ ಟೊಳ್ಳಾಗಿ ಉಳಿದಿವೆ, ಅವಕ್ಕೆ ನೀರಿನ ಪಸೆ ತಾಗಿದರೆ ಮಣ್ಣು ಜಾರುತ್ತದೆ. ತಂತ್ರಾಂಶಕ್ಕೆ ಹಗೇವು ಗೊತ್ತಿಲ್ಲ. ಕಂಬದ ಬುಡ ಕಲ್ಲಿನಂತೆ ಅಲುಗದು ಎಂದು ಅದು ನಂಬಿದೆ, ಏಕೆಂದರೆ ವಿದ್ಯಾರ್ಥಿ ಹಾಗೆಂದು ಹೇಳಿದ್ದಾನೆ. ಒಂದು ಕಂಬ 20 ಮಿಲಿಮೀಟರ್ ಇಳಿಯಿತೆನ್ನಿ. ಕೀಲು ಜೋಡಣೆ ಸ್ವಲ್ಪ ವಾಲಿ ಸುಮ್ಮನಾಗುತ್ತದೆ. ಬಿಗಿ ಜೋಡಣೆ ವಾಲಲು ಒಪ್ಪದು, ಲೆಕ್ಕದಲ್ಲಿ ಇಲ್ಲದ ಬಾಗುಬಲವನ್ನು ಮೈಮೇಲೆ ಎಳೆದುಕೊಳ್ಳುತ್ತದೆ. ಕಂಬ ಇಳಿಯಬಹುದು ಎಂಬ ಸಂಗತಿಯನ್ನು ಅಂಕಿಯಾಗಿ ತುಂಬಲು ಬಹುತೇಕ ತಂತ್ರಾಂಶಗಳಲ್ಲಿ ಸೌಕರ್ಯವಿದೆ. ತುಂಬಿ ನೋಡಿದವರಿಗೆ ಹಸಿರಾಗಿದ್ದ ಜೋಡಣೆ ಕೆಂಪಾಗುವ ತಮಾಷೆ ಕಾಣಸಿಗುತ್ತದೆ. ತುಂಬದವರಿಗೆ ಅದು ಗೋಡೆಯಲ್ಲಿ ಬಿರುಕಾಗಿ ಕಾಣುತ್ತದೆ.

ಗಾಳಿಯದು ಇನ್ನೊಂದು ಕಥೆ. ಮುಂಗಾರಿಗೆ ಮುಂಚಿನ ಬಿರುಗಾಳಿಗೆ ಶೆಡ್ಡಿನ ತಗಡು ಹಾರಿಹೋದ ಸುದ್ದಿ ಪ್ರತಿ ಬೇಸಿಗೆ ಪತ್ರಿಕೆಯಲ್ಲಿ ಇರುತ್ತದೆ. ತಗಡಿನ ಚಾವಣಿ ಹಗುರ. ಬಯಲಲ್ಲಿ, ಒಂದು ಬದಿ ತೆರೆದ ಶೆಡ್ಡಿನೊಳಗೆ ಗಾಳಿ ನುಗ್ಗಿದರೆ ಅದು ಚಾವಣಿಯನ್ನು ಮೇಲಕ್ಕೆ ಒತ್ತುತ್ತದೆ, ಹೊರಗೆ ಹಾಯುವ ಗಾಳಿ ಮೇಲಕ್ಕೆ ಹೀರುತ್ತದೆ. ಎರಡೂ ಸೇರಿ ಚಾವಣಿಯ ತೂಕವನ್ನು ಮೀರಿದರೆ ಎಲ್ಲ ಬಲಗಳೂ ತಿರುಗಮುರುಗ. ಒತ್ತಿಕೊಂಡು ಕೂತಿದ್ದ ಜೋಡಣೆ ಈಗ ಎಳೆತಕ್ಕೆ ಸಿಕ್ಕುತ್ತದೆ. ನೆಲಕ್ಕೆ ಊರಿದ್ದ ಕಂಬದ ಬುಡದ ಬೋಲ್ಟು ಕಂಬವನ್ನು ಹಿಡಿದಿಡಬೇಕಾಗುತ್ತದೆ. ಬರೀ ತೂಕದ ಲೆಕ್ಕ ಹಾಕಿ ಹಸಿರು ಪಡೆದವನು ಗಾಳಿಯ ಲೆಕ್ಕವನ್ನು ಸೇರಿಸಿದಾಗ ಒಮ್ಮೆಲೇ ಹತ್ತು ಜೋಡಣೆ ಕೆಂಪಾಗುವುದು ಇದರಿಂದ. ಅದನ್ನು ತಂತ್ರಾಂಶದ ದೋಷವೆಂದು ಬಗೆದು ಗಾಳಿಯನ್ನೇ ಅಳಿಸಿಹಾಕುವ ಚಾಣಾಕ್ಷರೂ ಇದ್ದಾರೆ!

ಗಜೇಂದ್ರಗಡದ ಗುಡ್ಡದ ಮೇಲೆ ಸಾಲಾಗಿ ತಿರುಗುವ ಗಾಳಿಯಂತ್ರಗಳನ್ನು ನೋಡಿ ಬೆಳೆದ ಮಕ್ಕಳಿಗೆ ಇದು ಹೊಸದೆನಿಸಬಾರದು. ಆ ಎತ್ತರದ ಉಕ್ಕಿನ ಕೊಳವೆ ಗೋಪುರಗಳು ಒಂದೇ ತುಂಡಲ್ಲ. ತುಂಡುಗಳ ಬಾಯಿಗೆ ಬಳೆಯಂತಹ ಅಂಚು ಮಾಡಿ, ಒಂದರ ಮೇಲೊಂದಿಟ್ಟು, ಸುತ್ತ ಬೋಲ್ಟುಗಳಿಂದ ಬಿಗಿಯುವ ಪದ್ಧತಿ ಇಂಥ ಗೋಪುರಗಳದು. ಬೀಸುವ ಗಾಳಿ, ತಿರುಗುವ ರೆಕ್ಕೆ ಎರಡೂ ಸೇರಿ ಆ ಬೋಲ್ಟುಗಳನ್ನು ವರ್ಷಗಟ್ಟಲೆ, ಕೋಟಿಗಟ್ಟಲೆ ಸಲ ಎಳೆದು ಬಿಡುತ್ತವೆ. ಒಂದು ತಂತಿಯನ್ನು ಕೈಯಿಂದ ಹತ್ತಾರು ಸಲ ಬಾಗಿಸಿದರೆ ಮುರಿಯುತ್ತದಲ್ಲ, ಉಕ್ಕಿನ ಆ ದಣಿವಿನ ಲೆಕ್ಕವೇ ಬೇರೆ. ಆದ್ದರಿಂದ ಬೋಲ್ಟನ್ನು ಅಳತೆಯ ಬಿಗಿತಕ್ಕೆ ಬಿಗಿದು, ಆಗಾಗ ಹತ್ತಿ ಪರೀಕ್ಷಿಸುತ್ತಾರೆ. ಗೋದಾಮಿನ ಜೋಡಣೆಗೆಂದು ಮಾಡಿದ ತಂತ್ರಾಂಶದ ಪುಟದಲ್ಲಿ ಆ ಲೆಕ್ಕ ಹಾಕಿಸಿ ‘ಪಾಸ್’ ಎಂದು ಬರೆಸಿಕೊಂಡರೆ ಆ ಪಾಸಿಗೆ ಅರ್ಥವಿಲ್ಲ.

ಕೆಂಪಿಗಿಂತ ಹಸಿರು ಅಪಾಯಕಾರಿಯಾಗುವುದು ಹೀಗೆಯೇ. ಇದಕ್ಕೆ ಜಗತ್ತು ತೆತ್ತ ಬೆಲೆ ಸಣ್ಣದಲ್ಲ.

ಅಮೆರಿಕದ ಹಾರ್ಟ್‌ಫರ್ಡ್ ನಗರದಲ್ಲಿ 1975ರಲ್ಲಿ ತೆರೆದ ಒಂದು ಒಳಾಂಗಣ ಕ್ರೀಡಾಂಗಣಕ್ಕೆ ಉಕ್ಕಿನ ಸಲಾಕೆಗಳ ಜಾಲವೇ ಚಾವಣಿ. ಅದರ ಲೆಕ್ಕವನ್ನು ಕಂಪ್ಯೂಟರಿನಿಂದ ಮಾಡಿಸಲಾಗಿತ್ತು; ಆ ಕಾಲಕ್ಕೆ ಅದು ಹೆಮ್ಮೆಯ ಮಾತು. ಕಟ್ಟುವಾಗಲೇ ಚಾವಣಿ ಲೆಕ್ಕಕ್ಕಿಂತ ಇಮ್ಮಡಿ ಜೋತದ್ದು ಅಳತೆಗೆ ಸಿಕ್ಕಿತು. ಇಷ್ಟು ವ್ಯತ್ಯಾಸ ಸಹಜವೆಂದು ಅದನ್ನು ಕೈಬಿಟ್ಟರು. 1978ರ ಜನವರಿ 18ರ ನಸುಕಿನಲ್ಲಿ, ಹಿಮದ ಭಾರಕ್ಕೆ, ಇಡೀ ಚಾವಣಿ ಕೆಳಗೆ ಕೂತಿತು. ಹಿಂದಿನ ಸಂಜೆ ಅಲ್ಲಿ ಸುಮಾರು ಐದು ಸಾವಿರ ಜನ ಬ್ಯಾಸ್ಕೆಟ್‌ಬಾಲ್ ನೋಡಿ ಮನೆಗೆ ಹೋಗಿದ್ದರು. ಕೆಲವೇ ತಾಸುಗಳ ಅಂತರದಿಂದ ಒಬ್ಬರ ಪ್ರಾಣವೂ ಹೋಗಲಿಲ್ಲ. ತನಿಖೆಯಲ್ಲಿ ಕಂಡದ್ದು: ಲೆಕ್ಕದಲ್ಲಿ ಸಲಾಕೆಗಳೆಲ್ಲ ಒಂದೇ ಬಿಂದುವಿನಲ್ಲಿ ಕೂಡುತ್ತಿದ್ದವು, ಕಟ್ಟಿದ್ದರಲ್ಲಿ ಓರೆ ಸಲಾಕೆಗಳು ಮೇಲಿನ ಸಲಾಕೆಗಿಂತ ಅಷ್ಟು ಕೆಳಗೆ ಕೂಡುತ್ತಿದ್ದವು. ಹೀಗಾಗಿ ಮೇಲಿನ ಸಲಾಕೆಗಳಿಗೆ ಸಿಗುವುದೆಂದು ಲೆಕ್ಕ ನಂಬಿದ್ದ ಆಸರೆ ನಿಜದಲ್ಲಿ ಸಿಗಲಿಲ್ಲ. ಕಂಪ್ಯೂಟರ್ ತಪ್ಪು ಗುಣಾಕಾರ ಮಾಡಿರಲಿಲ್ಲ. ಅದಕ್ಕೆ ಕೊಟ್ಟ ಚಿತ್ರವೇ ಬೇರೆ ಕಟ್ಟಡದ್ದು.

ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ ಅಷ್ಟು ಅದೃಷ್ಟವಿರಲಿಲ್ಲ. ಅಲ್ಲಿ ಎರಡನೆಯ ಮತ್ತು ನಾಲ್ಕನೆಯ ಅಂತಸ್ತಿನ ಕಾಲುಸೇತುವೆಗಳು ಚಾವಣಿಯಿಂದ ಇಳಿಬಿಟ್ಟ ಉಕ್ಕಿನ ಸಲಾಕೆಗಳಿಗೆ ಜೋತುಬಿದ್ದಿದ್ದವು. ಮೊದಲ ನಕ್ಷೆಯಲ್ಲಿ ಒಂದೇ ಉದ್ದ ಸಲಾಕೆ ಎರಡೂ ಸೇತುವೆಗಳನ್ನು ಹಾಯ್ದು ಹೋಗುತ್ತಿತ್ತು. ಅಷ್ಟುದ್ದ ಸಲಾಕೆಗೆ ಆಟೆ ಕೊರೆಯುವುದು ಕಷ್ಟವೆಂದು ಎರಡು ತುಂಡು ಮಾಡಿ, ಕೆಳಗಿನ ಸೇತುವೆಯನ್ನು ಮೇಲಿನ ಸೇತುವೆಗೇ ನೇತುಹಾಕಿದರು. ಬಾವಿಗಿಳಿದ ಇಬ್ಬರು ಒಂದೇ ಹಗ್ಗವನ್ನು ಹಿಡಿದರೆ ಇಬ್ಬರ ಮುಷ್ಟಿಯೂ ತಮ್ಮ ತಮ್ಮ ಭಾರವನ್ನಷ್ಟೇ ಹೊರುತ್ತದೆ. ಕೆಳಗಿನವನು ಮೇಲಿನವನ ಕಾಲು ಹಿಡಿದು ಜೋತರೆ? ಹಗ್ಗಕ್ಕೆ ಭಾರ ಅಷ್ಟೇ, ಮೇಲಿನವನ ಮುಷ್ಟಿಗೆ ಇಬ್ಬರದು. ನಾಲ್ಕನೆಯ ಅಂತಸ್ತಿನ ತೊಲೆಯ ಕೆಳಗಿದ್ದ ಒಂದೊಂದು ನಟ್ಟಿಗೂ ಆದದ್ದು ಅದೇ. 1981ರ ಜುಲೈ 17ರ ಸಂಜೆ, ಕೆಳಗೆ ನೃತ್ಯ ನಡೆದಿದ್ದಾಗ, ಸೇತುವೆಗಳು ಕಳಚಿಬಿದ್ದು 114 ಜನ ಸತ್ತರು. ಆ ಜೋಡಣೆಯ ಲೆಕ್ಕವನ್ನು ಎಂಜಿನಿಯರ್ ಮಾಡಿರುತ್ತಾನೆಂದು ಕಬ್ಬಿಣ ಕೆಲಸದವರು, ಕಬ್ಬಿಣ ಕೆಲಸದವರು ಮಾಡುತ್ತಾರೆಂದು ಎಂಜಿನಿಯರ್ ಭಾವಿಸಿದ್ದರು. ಯಾರೂ ಮಾಡಿರಲಿಲ್ಲ. ಹೊಣೆಗಾರ ಎಂಜಿನಿಯರುಗಳು ಮಿಸ್ಸೌರಿ ರಾಜ್ಯದಲ್ಲಿ ತಮ್ಮ ಪರವಾನಗಿ ಕಳೆದುಕೊಂಡರು.

ಮಿನಿಯಾಪೊಲಿಸ್ ನಗರದ ಸೇತುವೆ 2007ರ ಆಗಸ್ಟ್ 1ರಂದು ಮಿಸ್ಸಿಸಿಪ್ಪಿ ನದಿಗೆ ಬಿದ್ದು 13 ಜನ ಸತ್ತದ್ದು ಇನ್ನೂ ವಿಚಿತ್ರ. 1967ರಲ್ಲಿ ಸಂಚಾರಕ್ಕೆ ತೆರೆದ ಆ ಸೇತುವೆಯ ಕೆಲವು ಜೋಡಣೆಯ ಫಲಕಗಳು ಬೇಕಾದ ದಪ್ಪದ ಅರ್ಧದಷ್ಟೇ ಇದ್ದವು: ಅರ್ಧ ಅಂಗುಲ. ನಲವತ್ತು ವರ್ಷ ತಪಾಸಣೆ ನಡೆಯಿತು, ತೊಲೆಗಳ ಬಲವನ್ನು ಮತ್ತೆ ಮತ್ತೆ ಲೆಕ್ಕ ಹಾಕಿದರು. ಜೋಡಣೆಯ ಫಲಕ ತೊಲೆಗಿಂತ ಗಟ್ಟಿಯೇ ಇರುತ್ತದೆಂಬ ನಂಬಿಕೆಯಿಂದ ಅದನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಬಿದ್ದ ದಿನ ರಸ್ತೆ ರಿಪೇರಿಯ ಜಲ್ಲಿ, ಮರಳು, ಯಂತ್ರಗಳ ಭಾರವೂ ಸೇತುವೆಯ ಮೇಲಿತ್ತು. ಕೇಳದ ಪ್ರಶ್ನೆಗೆ ಕಂಪ್ಯೂಟರ್ ಕೆಂಪನ್ನೂ ತೋರಿಸದು, ಹಸಿರನ್ನೂ ತೋರಿಸದು.

ಇನ್ನು ಮಕ್ಕಳ ಕೈಗೆ ಕೊಡುವ ಸಾಧನದ ಮಾತು. ದೊಡ್ಡ ಕಂಪನಿಗಳ ತಂತ್ರಾಂಶಗಳ ಬೆಲೆ ಹಳ್ಳಿಯ ಮನೆಗೆ ಎಟುಕುವಂಥದ್ದಲ್ಲ, ಕದ್ದ ಪ್ರತಿಯ ಗೊಡವೆಯೂ ಬೇಡ. ಮುಂಬಯಿಯ ಐಐಟಿಯಲ್ಲಿ ‘ಫಾಸ್ಸೀ’ ಎಂಬ ಯೋಜನೆಯಡಿ ಸಿದ್ಧಪಡಿಸಿದ ಓಸ್‌ಡ್ಯಾಗ್ ತಂತ್ರಾಂಶ ಉಚಿತ. ಉಕ್ಕಿನ ಜೋಡಣೆಗೆಂದೇ ಆರಂಭವಾದ ಇದು ನಮ್ಮ ಐಎಸ್ 800:2007ರಂತೆಯೇ ಲೆಕ್ಕ ಹಾಕುತ್ತದೆ. ಇದರ ದೊಡ್ಡ ಉಪಕಾರವೆಂದರೆ ಕೊನೆಯಲ್ಲಿ ಕೊಡುವ ವರದಿ. ಪ್ರತಿ ಪರೀಕ್ಷೆಗೂ ಬೇಕಾದದ್ದೆಷ್ಟು, ಇರುವುದೆಷ್ಟು, ಸೂತ್ರ ಯಾವುದು ಎಂದು ಸಾಲು ಸಾಲಾಗಿ ಬರೆದುಕೊಡುತ್ತದೆ. ಮೇಲಿನ ಮೂರು ಬೋಲ್ಟಿನ ಲೆಕ್ಕವನ್ನು ಕಾಗದದ ಮೇಲೆ ಬಿಡಿಸಿ, ಆಮೇಲೆ ಅದರ ವರದಿಯೊಂದಿಗೆ ತಾಳೆ ನೋಡಿದ ವಿದ್ಯಾರ್ಥಿ ಒಂದು ಸಂಜೆಯಲ್ಲಿ ಕಲಿಯುವುದನ್ನು ಗುಂಡಿ ಒತ್ತುವವನು ಒಂದು ಸೆಮಿಸ್ಟರಿನಲ್ಲಿ ಕಲಿಯಲಾರ. ಎರಡು ಉತ್ತರಗಳು ಕೂಡದಿದ್ದರೆ ಇನ್ನೂ ಒಳ್ಳೆಯದು. ಏಕೆ ಕೂಡಲಿಲ್ಲ ಎಂದು ಹುಡುಕುವುದೇ ಈ ವಿದ್ಯೆ. ಪಾಲಕರಿಗೆ ಲೆಕ್ಕ ತಿಳಿಯದಿದ್ದರೂ ‘ಯಾವ ಸಾಲಿನಾಗ ಫೇಲ್ ಆತು? ಭಾರ ಎಲ್ಲಿಂದ ಬಂತು?’ ಎಂದು ಕೇಳಬಹುದು. ಮಗಳಾಗಲಿ ಮಗನಾಗಲಿ ಅಪ್ಪ ಅವ್ವನಿಗೆ ತಿಳಿಯುವ ಮಾತಿನಲ್ಲಿ ಅದಕ್ಕೆ ಉತ್ತರ ಹೇಳಿದರೆ ವಿಷಯ ತಲೆಗೆ ಹತ್ತಿದೆ ಎಂದೇ ಲೆಕ್ಕ.

ರಜೆಗೆ ಊರಿಗೆ ಬಂದಾಗ ಒಂದು ದಿನ ಶೆಡ್ಡು, ಗೇಟು ಮಾಡುವ ವೆಲ್ಡಿಂಗ್ ಅಂಗಡಿಯ ಮುಂದೆ ನಿಂತು ನೋಡುವುದೂ ಓದಿನ ಭಾಗವೇ. ಒಂದು ಉದಾಹರಣೆ ಸಾಕು. 20 ಮಿಲಿಮೀಟರ್ ಬೋಲ್ಟಿಗೆ ತೂತು 22. ತೂತಿನ ನಡುವಿನಿಂದ ಪಟ್ಟಿಯ ಅಂಚಿಗೆ ಕನಿಷ್ಠ ಎಷ್ಟು ದೂರ ಬೇಕು ಎಂಬುದಕ್ಕೆ ಮಾನಕ ಎರಡು ಉತ್ತರ ಕೊಡುತ್ತದೆ. ಅಂಚನ್ನು ಗರಗಸದಿಂದಲೋ ಯಂತ್ರದ ಜ್ವಾಲೆಯಿಂದಲೋ ನುಣ್ಣಗೆ ಕತ್ತರಿಸಿದ್ದರೆ ತೂತಿನ ಒಂದೂವರೆ ಪಟ್ಟು, ಅಂದರೆ 33 ಮಿಲಿಮೀಟರ್. ಕತ್ತರಿಯಂತ್ರದಿಂದ ತುಂಡರಿಸಿದ್ದರೆ ಅಥವಾ ಗ್ಯಾಸ್ ಕಟ್ಟರನ್ನು ಕೈಯಲ್ಲಿ ಹಿಡಿದು ಕತ್ತರಿಸಿದ್ದರೆ 1.7 ಪಟ್ಟು, ಅಂದರೆ 37.4. ವಿದ್ಯಾರ್ಥಿ ಯಂತ್ರದ ಅಂಚು ಎಂದು ಗುರುತು ಹಾಕಿ 35 ಕೊಟ್ಟರೆ ಪರದೆ ಹಸಿರಾಗುತ್ತದೆ. ಊರಿನ ಅಂಗಡಿಯಲ್ಲಿ ಇರುವುದು ಕೈಯ ಗ್ಯಾಸ್ ಕಟ್ಟರ್. ಅಲ್ಲಿ ಅದೇ 35 ಫೇಲ್, ಹೇಳಲು ಅಲ್ಲಿ ಪರದೆ ಇರುವುದಿಲ್ಲ. ನರಗುಂದದ ಗೋದಾಮಿನ ಲೆಕ್ಕದಲ್ಲಿ 40 ಇಟ್ಟದ್ದು ಇದಕ್ಕೇ.